ಕೆಲಸದ ಟ್ರಕ್‌ಗೆ ಯಾವ ಕಂಪ್ರೆಸರ್? ಪ್ರೆಶರ್ ಆಮೇಲೆ ನೋಡಿ, ಮೊದಲು ಗಾಳಿ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ

ಟ್ರಕ್ ಮೇಲೇ ಒಂದು ಕಂಪ್ರೆಸರ್ ಇದ್ದಿದ್ದರೆ ಅನ್ನೋ ಆಸೆ ಹುಟ್ಟೋದು ಸಾಮಾನ್ಯವಾಗಿ ಕೈಕೊಟ್ಟ ದಿನ. ಕೆಲಸದ ಜಾಗದಲ್ಲಿ ಕರೆಂಟ್ ಇಲ್ಲ, ಟೈರ್ ಕೂತಿದೆ, ವೀಲ್ ನಟ್ ತುಕ್ಕು ಹಿಡಿದು ಕದಲುತ್ತಿಲ್ಲ. ಅವತ್ತು ರಾತ್ರಿ ಫೋನ್ ಹಿಡಿದು ಹುಡುಕಲು ಕೂತರೆ ತಲೆ ಕೆಡುತ್ತದೆ. ಅಂಗೈ ಅಗಲದ 12 ವೋಲ್ಟ್ ಪೆಟ್ಟಿಗೆಯಿಂದ ಹಿಡಿದು ಬಾನೆಟ್ ಒಳಗೆ ಕೂರುವ ಸ್ಕ್ರೂ ಕಂಪ್ರೆಸರ್‌ವರೆಗೆ ಎಲ್ಲವೂ ಕಾಣಿಸುತ್ತವೆ, ಮುಕ್ಕಾಲು ಪಾಲು ಪೆಟ್ಟಿಗೆಗಳ ಮೇಲೂ "150 ಪಿಎಸ್‌ಐ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ, ಅಂದರೆ ಪ್ರೆಶರ್‌ನ ಅಳತೆ. ಆ ನಂಬರ್ ನೋಡಿ ಆರಿಸಿದರೆ ಕೆಟ್ಟಿರಿ ಅಂತಲೇ ಲೆಕ್ಕ.

ನಾನು ಕೆಟ್ಟದ್ದೇ ಹಾಗೆ. ಮೊದಲ ಸಲ ತಂದದ್ದು ಬ್ಯಾಟರಿಗೆ ಕ್ಲಿಪ್ ಹಾಕಿ ಓಡಿಸುವ ಒಂದು ಚಿಕ್ಕ ಕಂಪ್ರೆಸರ್. ದೊಡ್ಡ ಟ್ರಕ್‌ನ ಒಂದು ಟೈರ್ ತುಂಬಿಸೋಕೆ ಒಂದೂಕಾಲು ಗಂಟೆ ಹಿಡಿಯಿತು. ಅದರಲ್ಲಿ ಮೋಟಾರ್ ಓಡಿದ್ದು ಇಪ್ಪತ್ತು ನಿಮಿಷ ಇರಬಹುದು, ಉಳಿದ ಹೊತ್ತೆಲ್ಲ ಅದು ಬಿಸಿಯಾಗಿ ತಾನಾಗೇ ನಿಂತು ತಣ್ಣಗಾಗುವುದನ್ನು ನೋಡುತ್ತಾ ಕೂತಿದ್ದೆ. ಸುಳ್ಳೇನೂ ಹೇಳಿರಲಿಲ್ಲ ಅದು. 150 ಪಿಎಸ್‌ಐ ಬರುತ್ತಿತ್ತು, ಸೈಕಲ್ ಪಂಪ್‌ನಲ್ಲೂ ಬರುತ್ತದೆ ಅಲ್ವಾ?

ಅಳತೆ ಯಾವುದರಿಂದ ಮಾಡಬೇಕು

ಮೊದಲನೆಯದು, ಒಂದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ. ಇದನ್ನು ಸಿಎಫ್‌ಎಂ ಅನ್ನುತ್ತಾರೆ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. 1 ಸಿಎಫ್‌ಎಂ ಅಂದರೆ ಸುಮಾರು 28 ಲೀಟರ್. ಇಲ್ಲೂ ಒಂದು ಕಣ್ಕಟ್ಟು ಇದೆ. ಎಷ್ಟೋ ಚಿಕ್ಕ ಕಂಪ್ರೆಸರ್‌ಗಳ ಮೇಲೆ ಬರೆದಿರುವುದು ಎದುರಿಗೆ ಪ್ರೆಶರ್ ಏನೂ ಇಲ್ಲದಾಗ ಊದುವ ಗಾಳಿಯ ಲೆಕ್ಕ. ಏರ್ ಟೂಲ್‌ಗೆ ಬೇಕಾಗಿರುವುದು 90 ಪಿಎಸ್‌ಐನಲ್ಲಿ ಎಷ್ಟು ಅನ್ನೋದು, ಅಲ್ಲಿಗೆ ಹೋಗುವಷ್ಟರಲ್ಲಿ ಆ ಅಂಕಿ ಅರ್ಧಕ್ಕೆ ಇಳಿದಿರುತ್ತದೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ.

ಪೆಟ್ಟಿಗೆ ಮೇಲಿನ ಮಾತು ನಂಬಬೇಕಾ ಅಂತ ಅನುಮಾನ ಬಂದರೆ ಒಂದು ಒರಟು ಲೆಕ್ಕ ಇದೆ. 90 ಪಿಎಸ್‌ಐನಲ್ಲಿ ಒಂದು ಎಚ್‌ಪಿಗೆ 3ರಿಂದ 4 ಸಿಎಫ್‌ಎಂ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. 12 ವೋಲ್ಟ್ ಕಂಪ್ರೆಸರ್ 30 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಎಂಜಿನ್ ಓಡುವಾಗ ಸುಮಾರು 13 ವೋಲ್ಟ್ ಹಿಡಿದರೆ 390 ವಾಟ್, ಅಂದರೆ ಅರ್ಧ ಎಚ್‌ಪಿ. ಅದರಿಂದ 90 ಪಿಎಸ್‌ಐನಲ್ಲಿ 2 ಸಿಎಫ್‌ಎಂ ಬಂದರೆ ಅದೇ ಪುಣ್ಯ. ಮೇಲೆ 6 ಅಂತ ಬರೆದಿದ್ದರೂ ಸರಿಯೇ.

ಎರಡನೆಯದು, ನಿಲ್ಲದೆ ಎಷ್ಟು ಹೊತ್ತು ಓಡಬಲ್ಲದು. ಡ್ಯೂಟಿ ಸೈಕಲ್ 33 ಶೇಕಡಾ ಅಂದರೆ ಮೂರು ನಿಮಿಷ ಓಡಿಸಿ ಆರು ನಿಮಿಷ ಬಿಡಬೇಕು. 100 ಶೇಕಡಾ ಅಂತ ಬರೆದಿದ್ದರೂ ಎಷ್ಟು ಪ್ರೆಶರ್‌ನಲ್ಲಿ, ಹೊರಗೆ ಎಷ್ಟು ಬಿಸಿ ಇದ್ದಾಗ ಅನ್ನೋದನ್ನು ಪಕ್ಕದ ಚಿಕ್ಕ ಅಕ್ಷರದಲ್ಲಿ ಓದಿ. ಬಿಸಿಲಲ್ಲಿ ನಿಂತ ಟ್ರಕ್‌ನ ಬಾನೆಟ್ ಒಳಗೆ ಆ ಲೆಕ್ಕ ನಡೆಯುವುದಿಲ್ಲ.

ಮೂರನೆಯದು, ನಿಮ್ಮ ಟೂಲ್‌ಗಳಲ್ಲಿ ಯಾವುದಕ್ಕೆ ಹಸಿವು ಜಾಸ್ತಿ. ನಟ್ ಬಿಚ್ಚುವ ಅರ್ಧ ಇಂಚಿನ ಇಂಪ್ಯಾಕ್ಟ್ ರೆಂಚ್ ಮೇಲೆ 4 ಅಥವಾ 5 ಸಿಎಫ್‌ಎಂ ಅಂತ ಇರುತ್ತದೆ. ಅದು ಸರಾಸರಿ. ನಿಮಿಷದಲ್ಲಿ ಹದಿನೈದು ಸೆಕೆಂಡ್ ಮಾತ್ರ ಟ್ರಿಗರ್ ಒತ್ತುತ್ತೀರಿ ಅಂತ ಎಣಿಸಿ ಬರೆದದ್ದು, ಒತ್ತಿದ ಆ ಹೊತ್ತಿಗೆ ಅದು ಕುಡಿಯುವುದು ಅದರ ನಾಲ್ಕರಷ್ಟು. ನಟ್ ಬಿಚ್ಚೋದು ಎರಡು ಮೂರು ಸೆಕೆಂಡ್ ಕೆಲಸ, ಹಾಗಾಗಿ ಗಾಳಿ ಕೂಡಿಡುವ ಟ್ಯಾಂಕ್ ಇದ್ದರೆ ಹೇಗೋ ನಡೆಯುತ್ತದೆ. ಆದರೆ ಗ್ರೈಂಡರ್, ಸ್ಯಾಂಡರ್, ಪೇಂಟ್ ಗನ್ ಹಿಡಿದವರು ಟ್ರಿಗರ್ ಬಿಡುವುದೇ ಇಲ್ಲ. ಅಲ್ಲಿ ಸರಾಸರಿಯ ಮಾತು ಸುಮ್ನೆ. ಇನ್ನು ಕಾಂಕ್ರೀಟ್ ಒಡೆಯುವ ದೊಡ್ಡ ಬ್ರೇಕರ್‌ಗೆ 50 ಸಿಎಫ್‌ಎಂ ಆಸುಪಾಸು ಬೇಕು. ಅದರ ಕಥೆಯೇ ಬೇರೆ.

ಟ್ಯಾಂಕ್ ದೊಡ್ಡದು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಸಿಗುತ್ತಾರೆ. ಲೆಕ್ಕ ನೋಡಿ. 20 ಲೀಟರ್ ಟ್ಯಾಂಕ್‌ನ ಪ್ರೆಶರ್ 8 ಬಾರ್‌ನಿಂದ 6 ಬಾರ್‌ಗೆ (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಇಳಿದರೆ ಹೊರಗೆ ಬರುವುದು 40 ಲೀಟರ್ ಗಾಳಿ. ಟ್ರಿಗರ್ ಒತ್ತಿಹಿಡಿದರೆ ಇಂಪ್ಯಾಕ್ಟ್ ರೆಂಚ್ ಅದನ್ನು ನಾಲ್ಕು ಸೆಕೆಂಡ್‌ನಲ್ಲಿ ಕುಡಿದು ಮುಗಿಸುತ್ತದೆ. 2 ಸಿಎಫ್‌ಎಂ ಕಂಪ್ರೆಸರ್ ಮತ್ತೆ ಅಷ್ಟು ತುಂಬೋಕೆ ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತದೆ. ಅಂದರೆ ಒಂದು ನಟ್, ಒಂದು ಸಣ್ಣ ವಿಶ್ರಾಂತಿ, ಮತ್ತೊಂದು ನಟ್. ಐದಾರು ನಟ್‌ನ ಚಕ್ರಕ್ಕೆ ಐದು ನಿಮಿಷ. ಇದು ನಿಮಗೆ ಸಾಕಾದರೆ ನಿಜವಾಗಲೂ ಸಾಕು, ದೊಡ್ಡದರ ಹಿಂದೆ ಹೋಗಬೇಡಿ. ಟ್ಯಾಂಕ್ ಅಂದರೆ ಕೈಗಡ ಇದ್ದ ಹಾಗೆ. ಸಣ್ಣ ಹೊತ್ತಿಗೆ ಆಗುತ್ತದೆ, ಆಮೇಲೆ ಕಂಪ್ರೆಸರ್ರೇ ತೀರಿಸಬೇಕು.

ಇವುಗಳ ಜೊತೆಗೆ ತೂಕ, ಜಾಗ, ಗಾಳಿ ಬೇಕಾದಾಗಲೆಲ್ಲ ಎಂಜಿನ್ ಓಡುತ್ತಿರಬೇಕಾ ಅನ್ನೋದು, ಮತ್ತೆ ಟ್ರಕ್ ಮಾರಿದರೆ ಕಂಪ್ರೆಸರ್ ಬಿಚ್ಚಿ ಮುಂದಿನ ಗಾಡಿಗೆ ಹಾಕಬಹುದಾ ಅನ್ನೋದು. ಕೊನೆಯದನ್ನು ಯಾರೂ ಕೇಳುವುದಿಲ್ಲ, ಖರ್ಚಿನ ಲೆಕ್ಕದಲ್ಲಿ ಅದೇ ದೊಡ್ಡದು.

12 ವೋಲ್ಟ್ ಕಂಪ್ರೆಸರ್

ಕಡಿಮೆ ಖರ್ಚಿನದು, ಒಂದು ರಜೆಯ ದಿನ ಕೂತು ನಾವೇ ಹಾಕಿಕೊಳ್ಳಬಹುದಾದದ್ದು. ಸೀಟಿನ ಕೆಳಗೋ ಟೂಲ್ ಬಾಕ್ಸ್ ಒಳಗೋ ಕೂರುತ್ತದೆ, ಆಯಿಲ್ ಇಲ್ಲ, ಬೆಲ್ಟ್ ಇಲ್ಲ. ಪಿಕಪ್‌ನ ಟೈರ್‌ಗಳಿಗೆ, ಏರ್ ಸಸ್ಪೆನ್ಷನ್‌ಗೆ, ಫಿಲ್ಟರ್ ಊದೋಕೆ ಇದು ಧಾರಾಳ. ಎರಡು ಮೋಟಾರ್ ಇರುವ ಜೋಡಿ ಕಂಪ್ರೆಸರ್ ತಂದರೆ ಗಾಳಿ ಹೆಚ್ಚುಕಡಿಮೆ ಎರಡರಷ್ಟು, ಕರೆಂಟ್ ಎಳೆತವೂ ಅಷ್ಟೇ, 50-60 ಆಂಪಿಯರ್‌ಗೆ ಹೋಗುತ್ತದೆ.

ಇದರ ಮಿತಿ ಕಾಣುವುದು ದೊಡ್ಡ ಟೈರ್‌ನಲ್ಲಿ. ಭಾರೀ ಟ್ರಕ್‌ನ ಒಂದು ಟೈರ್ ಒಳಗೆ 100 ಲೀಟರ್‌ಗಿಂತ ಜಾಸ್ತಿ ಜಾಗ ಇರುತ್ತದೆ. ಅದಕ್ಕೆ 7 ಬಾರ್ ತುಂಬಿಸಬೇಕು ಅಂದರೆ 700 ಲೀಟರ್ ಮೀರಿ ಗಾಳಿ ಬೇಕು. ಪ್ರೆಶರ್ ಏರಿದ ಹಾಗೆ ಇದು ಕೊಡುವುದು ನಿಮಿಷಕ್ಕೆ 30-40 ಲೀಟರ್. ಒಂದೂಕಾಲು ಗಂಟೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಇದನ್ನು ಹಾಕುವವರು ಹಣ ಉಳಿಸಬಾರದ ಜಾಗ ಒಂದೇ, ವೈರ್. ಬ್ಯಾಟರಿಯಿಂದ ಹಿಂದಿನ ಟೂಲ್ ಬಾಕ್ಸ್‌ವರೆಗೆ ತೆಳ್ಳಗಿನ ವೈರ್ ಎಳೆದರೆ ಮೋಟಾರ್ ಮುಟ್ಟುವಷ್ಟರಲ್ಲಿ 11 ವೋಲ್ಟ್ ಆಗಿರುತ್ತದೆ. ಮೋಟಾರ್ ಮೆಲ್ಲಗೆ ತಿರುಗುತ್ತದೆ, ಬಿಸಿಯಾಗುತ್ತದೆ, ಬೇಗ ಸಾಯುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಕಂಪ್ರೆಸರ್ ಪಕ್ಕದಲ್ಲಿ ಅಲ್ಲ, ಯಾಕಂದರೆ ನಡುವೆ ಎಲ್ಲೋ ವೈರ್ ಉಜ್ಜಿ ಚಾಸಿಗೆ ತಾಗಿದರೆ ಉಳಿಸಬೇಕಾದ್ದು ಆ ಫ್ಯೂಸೇ. ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಪ್ರೆಶರ್ ಸ್ವಿಚ್ ಮೂಲಕ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಓಡಿಸಿ, ಮೋಟಾರ್‌ನ ಪೂರ್ತಿ ಕರೆಂಟ್ ಆ ಪುಟ್ಟ ಸ್ವಿಚ್‌ನಲ್ಲಿ ಹಾಯಿಸಬೇಡಿ.

ಇನ್ವರ್ಟರ್ ಹಾಕಿ ಮನೆಯ ಕಂಪ್ರೆಸರ್ ಓಡಿಸಿದರೆ?

ಗ್ಯಾರೇಜ್‌ನಲ್ಲಿ ಈಗಾಗಲೇ ಇರುವ ಕಂಪ್ರೆಸರ್ರನ್ನೇ ಟ್ರಕ್‌ಗೆ ಏರಿಸೋಣ ಅನ್ನೋ ಆಸೆ ಸಹಜ. ಆದರೆ 1500 ವಾಟ್ ಅಂದರೆ 12 ವೋಲ್ಟ್‌ನಲ್ಲಿ 125 ಆಂಪಿಯರ್, ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ 140 ದಾಟುತ್ತದೆ. ಅಷ್ಟು ಕೊಡುವ ಆಲ್ಟರ್ನೇಟರ್ ಎಲ್ಲ ಗಾಡಿಯಲ್ಲೂ ಇರುವುದಿಲ್ಲ, ಇದ್ದರೂ ಐಡಲ್‌ನಲ್ಲಿ ಕೊಡುವುದಿಲ್ಲ. ಮೇಲಿಂದ, ಮೋಟಾರ್ ಸ್ಟಾರ್ಟ್ ಆಗುವ ಆ ಒಂದು ಕ್ಷಣಕ್ಕೆ ಹಲವು ಪಟ್ಟು ಕರೆಂಟ್ ಕೇಳುತ್ತದೆ, ಇನ್ವರ್ಟರ್ ಕಿರುಚಿ ಆಫ್ ಆಗುತ್ತದೆ. ಜನರೇಟರ್ ಹೇಗೂ ಟ್ರಕ್ ಮೇಲೆ ಇದೆ ಅನ್ನುವವರಿಗೆ ಮಾತ್ರ ಈ ದಾರಿ. ಅವರಿಗೆ ಮಾತ್ರ ಚೆನ್ನಾಗೇ ಇದೆ, ವೆಲ್ಡಿಂಗ್‌ಗೂ ಲೈಟ್‌ಗೂ ಅದೇ ಜನರೇಟರ್ ಆಗುತ್ತದೆ.

ಎಂಜಿನ್ ಬೆಲ್ಟ್‌ನಿಂದ ಓಡುವ ಹಳೆಯ ಎಸಿ ಕಂಪ್ರೆಸರ್

ಕೈಯಲ್ಲಿ ಕೆಲಸ ಇರುವವರ ಮೆಚ್ಚಿನ ದಾರಿ. ಗಾಡಿಯ ಎಸಿಗೆ ಅಂತ ಮಾಡಿದ ಕಂಪ್ರೆಸರ್ರನ್ನು ಗಾಳಿಗೆ ಬಳಸೋದು. ಒಂದು ಸುತ್ತಿಗೆ ಸುಮಾರು 150 ಸಿಸಿ ಎಳೆದುಕೊಳ್ಳುವಂಥದ್ದು ಅಂದುಕೊಂಡರೆ, ನಿಮಿಷಕ್ಕೆ 2000 ಸುತ್ತಿಗೆ 300 ಲೀಟರ್, ಅಂದರೆ ಹತ್ತು ಸಿಎಫ್‌ಎಂ ಮೇಲೆ. ಪ್ರೆಶರ್ ಏರಿದಾಗ ಕೈಗೆ ಸಿಗುವುದು ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ಆದರೂ 12 ವೋಲ್ಟ್ ಕಂಪ್ರೆಸರ್‌ಗಿಂತ ಎಷ್ಟೋ ಪಾಲು ಮೇಲು, ಖರ್ಚು ಮಾತ್ರ ಅದರ ಹತ್ತಿರಕ್ಕೇ ಬರುತ್ತದೆ.

ಇಲ್ಲಿ ಎರಡು ಜಾತಿ. ಯಾರ್ಕ್ ಮಾದರಿಯ ಹಳೆಯ ಪಿಸ್ಟನ್ ಕಂಪ್ರೆಸರ್‌ಗೆ ಕೆಳಗೆ ತನ್ನದೇ ಆಯಿಲ್ ಸಂಪ್ ಇದೆ, ಗಾಳಿಗೆ ಹಾಕಿದರೂ ಅದಕ್ಕೆ ಒಣಗುವ ಚಿಂತೆ ಇಲ್ಲ. ದೊಡ್ಡದು, ಚೌಕ, ಗಡಗಡ ಅನ್ನುತ್ತದೆ. ಸ್ಯಾಂಡೆನ್ ಮಾದರಿಯ ಗುಂಡನೆಯ ಕಂಪ್ರೆಸರ್ ಚಿಕ್ಕದು, ನಯ, ಸುಲಭವಾಗಿ ಸಿಗುತ್ತದೆ, ಆದರೆ ಅದರ ಆಯಿಲ್ ಎಸಿ ಗ್ಯಾಸ್ ಜೊತೆಗೇ ಸುತ್ತುವಂಥದ್ದು. ಗ್ಯಾಸ್ ಬದಲು ಗಾಳಿ ಬಿಟ್ಟರೆ ಆಯಿಲ್ ವಾಪಸ್ ಬರುವುದಿಲ್ಲ. ಒಳಬರುವ ಗಾಳಿಯಲ್ಲಿ ಆಯಿಲ್ ಬೆರೆಸುವ ಏರ್ಪಾಡು ಮಾಡಬೇಕು, ಹೊರಗೆ ಹೋಗುವ ಕಡೆ ಅದನ್ನು ಹಿಡಿಯುವ ಫಿಲ್ಟರ್ ಇಡಬೇಕು. ಟೈರ್‌ಗೆ, ಇಂಪ್ಯಾಕ್ಟ್‌ಗೆ ಸ್ವಲ್ಪ ಆಯಿಲ್ ಹೋದರೆ ನಷ್ಟ ಇಲ್ಲ. ಪೇಂಟ್ ಹೊಡೆಯುವವರು ಈ ಕಡೆ ತಲೆ ಹಾಕಬೇಡಿ.

ನಿಜವಾದ ತಲೆನೋವು ಬ್ರಾಕೆಟ್. ಪುಲ್ಲಿಗಳು ಒಂದೇ ಸಾಲಿಗೆ ಬರಬೇಕು, ಒಂದು ಕೂದಲು ಆಚೀಚೆ ಆದರೂ ಬೆಲ್ಟ್ ಕಿರುಗುಟ್ಟಿ ತಿನ್ನಲು ಶುರು ಮಾಡುತ್ತದೆ. ನಿಮ್ಮ ಎಂಜಿನ್‌ಗೆ ರೆಡಿ ಬ್ರಾಕೆಟ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಒಳ್ಳೆಯ ಫ್ಯಾಬ್ರಿಕೇಟರ್ ಪರಿಚಯ ಇರಬೇಕು, ಅದೂ ಇಲ್ಲದಿದ್ದರೆ ಮುಂದಿನದಕ್ಕೆ ಹೋಗಿ. ಟ್ರಕ್ ಮಾರಿದಾಗ ಕಂಪ್ರೆಸರ್ ಬಿಚ್ಚಿಕೊಳ್ಳಬಹುದು, ಬ್ರಾಕೆಟ್ ಆ ಎಂಜಿನ್‌ಗೇ ಮೀಸಲು.

ಸ್ವಂತ ಎಂಜಿನ್ ಇರುವ ಕಂಪ್ರೆಸರ್

ಪೆಟ್ರೋಲ್ ಎಂಜಿನ್, ಬೆಲ್ಟ್, ಎರಡು ಸಿಲಿಂಡರ್‌ನ ಪಂಪ್, ಕೆಳಗೆ ಟ್ಯಾಂಕ್. ಟ್ರಕ್‌ನ ಹಿಂಭಾಗದಲ್ಲಿ ನಾಲ್ಕು ಬೋಲ್ಟ್ ಹಾಕಿದರೆ ಕೆಲಸ ಮುಗಿಯಿತು. 13 ಎಚ್‌ಪಿ ಎಂಜಿನ್ ಇರುವಂಥದ್ದು 20 ಸಿಎಫ್‌ಎಂ ಮೇಲೆ ಕೊಡುತ್ತದೆ. ಟೈರ್ ಕೆಲಸಕ್ಕೇ ಅಂತ ಓಡುವ ಸರ್ವೀಸ್ ಟ್ರಕ್‌ಗಳಲ್ಲಿ ಇದು ತುಂಬಾ ಕಾಣುತ್ತದೆ, ಸುಮ್ನೆ ಅಲ್ಲ. ಒಂದು ಇಂಚಿನ ಇಂಪ್ಯಾಕ್ಟ್ ಓಡುತ್ತದೆ, ದೊಡ್ಡ ಟೈರ್ ನಿಮಿಷಗಳಲ್ಲಿ ತುಂಬುತ್ತದೆ, ಟ್ರಕ್ ಎಂಜಿನ್ ಆಫ್ ಇರುತ್ತದೆ. ಕೆಟ್ಟರೆ ಸಣ್ಣ ಎಂಜಿನ್ ರಿಪೇರಿ ಮಾಡುವ ಯಾರು ಬೇಕಾದರೂ ಸರಿ ಮಾಡುತ್ತಾರೆ. ಟ್ರಕ್ ಬದಲಾಯಿಸಿದರೆ ಬೋಲ್ಟ್ ಬಿಚ್ಚಿ ಹೊಸದಕ್ಕೆ ಕೂರಿಸಿ.

ಕೊಡಬೇಕಾದ ಬೆಲೆ ತೂಕ ಮತ್ತು ಸದ್ದು. ಸುಲಭವಾಗಿ 150-200 ಕೆಜಿ. ಅಷ್ಟು ಸಾಮಾನು ಕಡಿಮೆ ಹೇರಬೇಕು ಅಂತಲೇ ಅರ್ಥ. ಡೀಸೆಲ್ ಟ್ರಕ್ ಆದರೆ ಒಂದು ಕ್ಯಾನ್ ಪೆಟ್ರೋಲ್ ಬೇರೆ ಹೊತ್ತು ತಿರುಗಬೇಕು. ಪಂಪ್‌ನಲ್ಲಿ ಆಯಿಲ್ ಚಿಮ್ಮಿಸಿ ಉಜ್ಜುಭಾಗಗಳಿಗೆ ತಲುಪಿಸುವ ವ್ಯವಸ್ಥೆ ಇರುವುದರಿಂದ ಇಳಿಜಾರಿನಲ್ಲಿ ಟ್ರಕ್ ವಾಲಿಸಿ ನಿಲ್ಲಿಸಿ ಓಡಿಸುವ ಹಾಗಿಲ್ಲ. ಮುಚ್ಚಿದ ಬಾಡಿ ಒಳಗಂತೂ ಬೇಡವೇ ಬೇಡ, ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬಾನೆಟ್ ಒಳಗಿನ ಸ್ಕ್ರೂ ಕಂಪ್ರೆಸರ್

ಇದು ಆನೆ. ಪಿಸ್ಟನ್ ಬದಲು ಒಂದಕ್ಕೊಂದು ಹೆಣೆದು ತಿರುಗುವ ಎರಡು ಸ್ಕ್ರೂ ಗಾಳಿಯನ್ನು ಒತ್ತುತ್ತವೆ. ಬಂದರೆ 30ರಿಂದ 60 ಸಿಎಫ್‌ಎಂ, ಎಷ್ಟು ಹೊತ್ತು ಬೇಕಾದರೂ, ದೊಡ್ಡ ಟ್ಯಾಂಕ್ ಕೂಡ ಬೇಡ. ಹಿಂದಿನ ಡೆಕ್ ಖಾಲಿ ಇರುತ್ತದೆ, ಎಲ್ಲ ಸೇರಿ ತೂಕ ನೂರು ಕೆಜಿ ಆಸುಪಾಸು. ದಿನವಿಡೀ ಗಾಳಿಯಲ್ಲೇ ದುಡಿಯುವವರಿಗೆ ಇದರ ಮುಂದೆ ಬೇರೆ ಮಾತಿಲ್ಲ. ಒಡೆಯುವ ಬ್ರೇಕರ್ ಇದ್ದರೆ ಈ ಪಟ್ಟಿಯಲ್ಲಿ ನಿಮಗೆ ಉಳಿಯುವುದು ಇದು, ಇಲ್ಲವೇ ಪಿಟಿಒದಿಂದ (ಟ್ರಕ್ ಎಂಜಿನ್‌ನ ಬಲವನ್ನು ಬೇರೆ ಯಂತ್ರಕ್ಕೆ ಹೊರಗೆ ಕೊಡುವ ಶಾಫ್ಟ್) ಓಡುವ ಡೆಕ್ ಕೆಳಗಿನದು.

ಆದರೆ ಆನೆ ಸಾಕುವವರಿಗೆ ಆನೆಯ ಮೇವು ಗೊತ್ತಿರಬೇಕು. ಇಡೀ ಪಟ್ಟಿಯಲ್ಲಿ ಖರ್ಚು ಜಾಸ್ತಿ ಇದಕ್ಕೇ. ನಿಮ್ಮ ಟ್ರಕ್‌ನ ಮಾಡೆಲ್‌ಗೆ ಅಂತಲೇ ಮಾಡಿದ ಕಿಟ್ ಇದ್ದರೆ ಮಾತ್ರ ಹಾಕಿಸಿ, ಕಿಟ್ ಇಲ್ಲದ ಗಾಡಿಗೆ ಯಾರಾದರೂ ಹೇಗಾದರೂ ಮಾಡಿಕೊಡುತ್ತೇನೆ ಅಂದರೆ ನಯವಾಗಿ ಎದ್ದು ಬನ್ನಿ. ಗಾಳಿ ಬೇಕಾದಾಗಲೆಲ್ಲ ಟ್ರಕ್ ಎಂಜಿನ್ ಓಡುತ್ತಿರಬೇಕು, ಅದರ ಗಂಟೆಗಳನ್ನೂ ಸರ್ವೀಸ್‌ಗೆ ಎಣಿಸಬೇಕು. ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಟ್ರಕ್ ಗಂಟೆಗಟ್ಟಲೆ ಐಡಲ್‌ನಲ್ಲಿ ನಿಂತರೆ ಫಿಲ್ಟರ್ ಮಸಿ ಕಟ್ಟುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಇದನ್ನು ಕಡಿಮೆ ಬಳಸಿದರೂ ಕೆಡುತ್ತದೆ. ಸ್ಕ್ರೂ ಕಂಪ್ರೆಸರ್ ಚೆನ್ನಾಗಿ ಬಿಸಿಯಾದಾಗಲೇ ಆಯಿಲ್‌ನಲ್ಲಿ ಸೇರಿದ ನೀರು ಆವಿಯಾಗಿ ಹೋಗುವುದು. ದಿನಕ್ಕೆ ಎರಡು ನಿಮಿಷ ಟೈರ್‌ಗೆ ಗಾಳಿ ಹಿಡಿದು ಆಫ್ ಮಾಡಿದರೆ ನೀರು ಒಳಗೇ ಉಳಿದು ಬೇರಿಂಗ್ ತಿನ್ನುತ್ತದೆ. ಹೀಗಾಗಿ "ಇರಲಿ, ದೊಡ್ಡದೇ ಇರಲಿ" ಅಂತ ಹಾಕಿಸುವವರಿಗೆ ಇದು ಸರಿಯಲ್ಲ.

ಪಿಟಿಒ ಇದ್ದು, ಕ್ರೇನ್‌ಗೆ ಹೈಡ್ರಾಲಿಕ್ ಈಗಾಗಲೇ ಇರುವ ಟ್ರಕ್ ಆದರೆ ಹೈಡ್ರಾಲಿಕ್‌ನಿಂದ ಓಡುವ ಕಂಪ್ರೆಸರ್ ಬಗ್ಗೆಯೂ ವಿಚಾರಿಸಿ. ಪಂಪ್ ಹೇಗೂ ಇದೆ, ಕ್ರೇನ್ ಮತ್ತು ಗಾಳಿ ಎರಡೂ ಒಟ್ಟಿಗೆ ಬೇಕಾದಾಗ ಆಯಿಲ್ ಸಾಕಾಗುತ್ತದಾ ಅನ್ನೋದೊಂದೇ ಪ್ರಶ್ನೆ.

ಏರ್ ಬ್ರೇಕ್ ಇರುವ ಟ್ರಕ್‌ನ ಗಾಳಿಯೇ ಸಾಕಲ್ಲ?

ಭಾರೀ ಟ್ರಕ್ ಇರುವವರು ಕೇಳುವ ಮೊದಲ ಪ್ರಶ್ನೆ. ಹೌದು, ಎಂಜಿನ್ ಮೇಲೆ ಒಂದು ಕಂಪ್ರೆಸರ್ ಆಗಲೇ ಇದೆ, ಟೈರ್‌ಗೆ ಗಾಳಿ ಹಿಡಿಯೋಕೆ ಅದನ್ನು ಬಳಸೋದು ಹಳೆಯ ರೂಢಿ. ಖರ್ಚು ಒಂದು ಪೈಪು, ಒಂದು ವಾಲ್ವ್, ಒಂದು ಕಪ್ಲಿಂಗ್. ಆದರೆ ಆ ವಾಲ್ವ್ ಪ್ರೆಶರ್ ಪ್ರೊಟೆಕ್ಷನ್ ವಾಲ್ವ್ ಆಗಿರಲೇಬೇಕು. ನಿಮ್ಮ ಹೋಸ್ ಒಡೆದು ಗಾಳಿ ಸೋರಿದರೆ ಒಂದು ಮಟ್ಟಕ್ಕೆ ಬಂದಾಗ ಅದು ಮುಚ್ಚಿಕೊಂಡು ಬ್ರೇಕ್ ಗಾಳಿಯನ್ನು ಉಳಿಸುತ್ತದೆ. ಅದಿಲ್ಲದೆ ಬ್ರೇಕ್ ಟ್ಯಾಂಕ್‌ಗೆ ನೇರ ಟಿ ಹಾಕಿದ ಟ್ರಕ್‌ನಲ್ಲಿ ನಾನು ಕೂರುವುದಿಲ್ಲ, ನೀವೂ ಕೂರಬೇಡಿ. ಬ್ರೇಕ್ ವ್ಯವಸ್ಥೆಗೆ ಕೈ ಹಾಕೋಕೆ ನಿಮ್ಮಲ್ಲಿ ಅನುಮತಿ ಬೇಕಾ ಅನ್ನೋದನ್ನೂ ಮೊದಲೇ ಕೇಳಿಕೊಳ್ಳಿ.

ಇಂಪ್ಯಾಕ್ಟ್, ಗ್ರೈಂಡರ್ ಓಡಿಸೋಕೆ ಇದನ್ನು ನೆಚ್ಚಬೇಡಿ. ಬ್ರೇಕ್ ಕಂಪ್ರೆಸರ್ ಮಾಡಿರುವುದು ಸ್ವಲ್ಪ ಹೊತ್ತು ದುಡಿದು ಜಾಸ್ತಿ ಹೊತ್ತು ವಿಶ್ರಮಿಸಲು. ಬಿಡದೆ ದುಡಿಸಿದರೆ ಬಿಸಿಯಾಗಿ ಆಯಿಲ್ ಕಕ್ಕುತ್ತದೆ, ಆ ಆಯಿಲ್ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್‌ಗೆ ಹೋಗುತ್ತದೆ, ಅಲ್ಲಿಂದ ಮುಂದೆ ಬ್ರೇಕ್ ವಾಲ್ವ್‌ಗಳಿಗೆ. ಪೈಪಿನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ವಾರಕ್ಕೊಂದು ಟೈರ್, ಅಪರೂಪಕ್ಕೊಂದು ಚಕ್ರ ಬಿಚ್ಚುವ ಕೆಲಸ ಅಂದರೆ 12 ವೋಲ್ಟ್ ಜೋಡಿ ಕಂಪ್ರೆಸರ್, ಹತ್ತಿಪ್ಪತ್ತು ಲೀಟರ್ ಟ್ಯಾಂಕ್. ಅದಕ್ಕಿಂತ ಬುದ್ಧಿವಂತಿಕೆಯ ದಾರಿಯೂ ಇದೆ. ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಒಂದು ತಂದುಬಿಡಿ. ನಟ್ ಕೆಲಸ ಅದಕ್ಕೆ ಬಿಟ್ಟರೆ ಕಂಪ್ರೆಸರ್‌ಗೆ ಉಳಿಯುವುದು ಟೈರ್ ಮಾತ್ರ, ಒಂಟಿ ಕಂಪ್ರೆಸರ್ರೇ ಸಾಕಾಗುತ್ತದೆ. ಗಾಳಿಯ ಬಗ್ಗೆ ಬರೆಯಲು ಕೂತವನು ಹೀಗೆ ಹೇಳಬಾರದು, ಆದರೂ ನನ್ನ ಗಾಡಿಯಲ್ಲಿ ಈಗ ಇರುವುದು ಇದೇ ಜೋಡಿ.

ದಿನಾ ಅರ್ಧ ಗಂಟೆ ಗಾಳಿ ಬೇಕು, ಕೈಯಲ್ಲಿ ಹಣ ಕಡಿಮೆ, ಕೆಲಸ ಗೊತ್ತು ಅನ್ನುವವರಿಗೆ ಬೆಲ್ಟ್ ಕಂಪ್ರೆಸರ್. ದೊಡ್ಡ ಟೈರ್ ಕೆಲಸವೇ ಹೊಟ್ಟೆಪಾಡಾದರೆ ಸ್ವಂತ ಎಂಜಿನ್‌ನದು, ಅನುಮಾನ ಬೇಡ. ದಿನಕ್ಕೆ ಗಂಟೆಗಟ್ಟಲೆ ಗಾಳಿ ಬೇಕು, ಡೆಕ್ ಮೇಲೆ ಜಾಗ ಇಲ್ಲ, ಟ್ರಕ್ ಇನ್ನೂ ಎಷ್ಟೋ ವರ್ಷ ನಿಮ್ಮದೇ ಅಂತಾದರೆ ಸ್ಕ್ರೂ. ಎರಡರ ನಡುವೆ ತೂಗುತ್ತಿದ್ದರೆ ಒಂದು ವಾರ ಒಂದು ಚೀಟಿ ಇಟ್ಟುಕೊಂಡು, ಗಾಳಿ ಬೇಕಾದಾಗಲೆಲ್ಲ ಯಾವ ಟೂಲ್‌ಗೆ ಎಷ್ಟು ನಿಮಿಷ ಅಂತ ಬರೆಯಿರಿ. ನನಗೆ ದಿನಕ್ಕೆ ಎರಡು ಗಂಟೆ ಬೇಕು ಅಂತಿದ್ದ ಗೆಳೆಯನೊಬ್ಬನ ಚೀಟಿಯಲ್ಲಿ ಇದ್ದದ್ದು ಹನ್ನೊಂದು ನಿಮಿಷ.

ಯಾವುದೇ ಹಾಕಿದರೂ

ಕಂಪ್ರೆಸರ್‌ನಿಂದ ಹೊರಡುವ ಗಾಳಿ ಕೈ ಸುಡುವಷ್ಟು ಬಿಸಿ. ಅಲ್ಲಿಂದ ಟ್ಯಾಂಕ್‌ವರೆಗೆ ಮಾಮೂಲಿ ರಬ್ಬರ್ ಹೋಸ್ ಹಾಕಿದರೆ ಮೆತ್ತಗಾಗಿ ಹರಿಯುತ್ತದೆ, ಸ್ಟೀಲ್ ಹೆಣೆದ ಹೋಸ್ ಬೇಕು. ಪಿವಿಸಿ ಪೈಪಂತೂ ಎಲ್ಲೂ ಬೇಡ, ಅದು ಸೀಳುವುದಿಲ್ಲ, ಗಾಜಿನ ಹಾಗೆ ಚೂರಾಗಿ ಸಿಡಿಯುತ್ತದೆ. ಟ್ಯಾಂಕ್‌ಗೆ ಸೇಫ್ಟಿ ವಾಲ್ವ್ ಇರಲಿ, ಅದು ಬಿಚ್ಚಿಕೊಳ್ಳುವ ಪ್ರೆಶರ್ ಸ್ವಿಚ್ ಆಫ್ ಆಗುವುದಕ್ಕಿಂತ ಸ್ವಲ್ಪ ಮೇಲೆ, ಟ್ಯಾಂಕ್‌ನ ಮಿತಿಗಿಂತ ಕೆಳಗೆ. ಗಾಳಿ ಎಳೆದುಕೊಳ್ಳುವ ಫಿಲ್ಟರ್ ಚಕ್ರದ ಕೆಸರು ಸಿಡಿಯದ ಎತ್ತರದಲ್ಲಿ ಇರಲಿ. ಡ್ರೈನ್ ಕಾಕ್ ಟ್ಯಾಂಕ್‌ನ ಅಡಿಯಲ್ಲಿ ಕೈಗೆ ಸಿಗುವ ಹಾಗಿರಲಿ, ಯಾಕಂದರೆ ಟ್ರಕ್ ಕೆಳಗೆ ಮಲಗಿ ಬಿಚ್ಚಬೇಕಾದರೆ ಯಾರೂ ಬಿಚ್ಚುವುದಿಲ್ಲ, ನೀರು ಒಳಗೇ ನಿಂತು ಟ್ಯಾಂಕ್ ತುಕ್ಕು ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಪ್ರೆಶರ್ ತುಂಬಿಸಿ, ಆಫ್ ಮಾಡಿ, ಟ್ಯಾಂಕ್ ತಣ್ಣಗಾದ ಮೇಲೆ ಗೇಜ್ ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟು ಮಲಗಿ. ಬೆಳಿಗ್ಗೆಗೆ ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಸೋಪಿನ ನೊರೆ ಹಿಡಿದು ಒಂದೊಂದೇ ಜಾಯಿಂಟ್ ನೋಡಿ. ಎಲ್ಲೂ ಗುಳ್ಳೆ ಬರದಿದ್ದರೆ, ಟ್ಯಾಂಕ್‌ನ ಗಾಳಿ ಕಂಪ್ರೆಸರ್‌ಗೆ ವಾಪಸ್ ಹೋಗದ ಹಾಗೆ ತಡೆಯುವ ಚೆಕ್ ವಾಲ್ವ್ ನೋಡಿ. ನಾನು ಒಮ್ಮೆ ಎಲ್ಲ ಜಾಯಿಂಟ್ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಸಿಕ್ಕ ಸೋರಿಕೆ ಅಲ್ಲಿತ್ತು. ಥ್ರೆಡ್‌ಗೆ ಸುತ್ತಿದ ಟೇಪಿನ ಒಂದು ಎಳೆ ಒಳಗೆ ಹೋಗಿ ಕೂತಿತ್ತು.